ಸಾಯಬಣ್ಣನ ಹೆಸರು ಬಾಯಿಬಿಟ್ಟು ಹೇಳಿದ ಬಂಡೆಪ್ಪ

ಎಲ್ಲಾರೂ ಕುಂತ್ರಿಲ್ಲೋ? ನಾ ಮಲ್ಲಕ್ಕ, ಘಾಟ್ಕೋಪರ್ ಚಾಳಿನ್ಯಾಗ ರೊಟ್ಟಿ ಖಾನಾವಳಿ ನಡಸಾಕಿ. ನಿನ್ನಿ ಆಗಿದ್ದನ್ನ ಹೊಟ್ಟ್ಯಾಗ ಇಟ್ಕೊಳ್ಳಾಕ ಆಗವಲ್ದು, ಅದಕ್ಕ ಓಡಿ ಬಂದೀನಿ. ನಮ್ಮ ಬಂಡೆಪ್ಪ ನಿನ್ನಿ ಪರಾಂಚಿ ಹತ್ತ್ಯಾನ. ಬಿಲ್ಡಿಂಗ್ ಕಟ್ಟುವಾಗ ಬಿದಿರು ಕಟ್ಟಿ ನಿಲ್ಲಸ್ತಾರಲ್ಲ, ಆ ಪರಾಂಚಿ. ಗ್ವಾಡಿ ಕಟ್ಟೂ ಗೌಂಡಿ ಪರಾಂಚಿ ಹತ್ತಿದ್ರ ಏನ ದೊಡ್ಡದು ಅಂತೀರಿ? ಕೇಳ್ರಿ ಮತ್ತ.

ಈ ೧೯೭೪ರ ಬ್ಯಾಸಗ್ಯಾಗ ವಿಲೆ ಪಾರ್ಲೆದಾಗ ಕೆಲಸ ನಡದಿತ್ತು. ಬಂಡೆಪ್ಪನ ಗೆಳೆಯಾ ಸಾಯಬಣ್ಣ ಮ್ಯಾಲಿಂದ ಜಾರಿ ಬಿದ್ದು ಸತ್ತ. ಇಬ್ಬರೂ ವಿಜಾಪುರದ ಕಡೆಯವರು, ಒಂದ ಗಂಗಾಳದಾಗ ಉಂಡು ಬೆಳದವರು. ಗ್ಯಾಂಗಿನವರದೊಂದು ಪದ್ಧತಿ ಐತ್ರಿ, ಬಿದ್ದಾವನ ಹೆಸರ ಯಾರೂ ತಗೀಬಾರದು. ತಗದ್ರ ಇನ್ನೊಬ್ಬ ಬೀಳ್ತಾನಂತ. ಗ್ಯಾಂಗಿಗೆ ಕೆಲಸ ಹಚ್ಚೂ ಮುಕಾದಮ ಪರಪ್ಪ ಮರುದಿನ ತೆಂಗಿನಕಾಯಿ ಒಡಸಿದ, ಕೆಲಸ ಚಾಲೂ ಮಾಡಿಸಿದ. ಸಾಯಬಣ್ಣನ ಸುದ್ದಿ ಅಲ್ಲಿಗೇ ಬಂದ್ ಆತು.

ಆಮ್ಯಾಲೆ ಬಂಡೆಪ್ಪಗ ಪರಾಂಚಿ ಹತ್ತಾಕ ಆಗದಂಗಾತು. ಬಿದಿರು ಹಿಡದ್ರ ಮೈಯೆಲ್ಲಾ ಬೆವರು, ಉಸುರು ಸಿಗಂಗಿಲ್ಲ. ಊಟ ಬ್ಯಾಡ, ನಿದ್ದಿ ಇಲ್ಲ. ನಳದ ಪಾಳ್ಯಾಗ ನಿಂತ ಹೆಂಗಸರನ್ನ ಹೊಟ್ಟಿ ಹಿಡಕೊಂಡು ನಗೂವಂಗ ಮಾಡ್ತಿದ್ದ ಮನಶ್ಯಾ, ಗ್ವಾಡಿಗೆ ಮುಖ ಮಾಡಿ ಕುಂತಬಿಟ್ಟ. ನನಗ ಭಾಳ ಸಂಕಟ ಆತ್ರಿ.

“ಊರಿಗೆ ಕರಕೊಂಡು ಹೋಗಿ ದೇವರ ಹೇಳಿಕಿ ಕೇಳಸ್ತೀನಿ, ಇನ್ನ ಈ ಮುಂಬೈ ಸಾಕು,” ಅಂತ ಹೆಂಡ್ತಿ ಚಂದ್ರವ್ವ ಗಂಟು ಕಟ್ಟಿದ್ಲು.

ಬಂಡೆಪ್ಪ ಒಂದ ಮಾತಂದ. “ಈ ಕೈಗೆ ಮ್ಯಾಲ ಹತ್ತಿ ಗ್ವಾಡಿ ಕಟ್ಟೂದೊಂದ ಗೊತ್ತು. ಅದೂ ಹೋದ್ರ ಊರಾಗ ಕುಂತು ಏನ ಮಾಡ್ಲಿ?”

ಆವಾಗ ಬಂದ್ರು ನೋಡ್ರಿ ನಮ್ಮ ದೇವಕ್ಕ ಟೀಚರು, ಮುನಸಿಪಾಲ್ಟಿ ಕನ್ನಡ ಸಾಲಿಯವರು. “ಇದು ಮನಸಿಗೆ ಆದ ಗಾಯ. ಮಾಟುಂಗದಾಗ ನಮ್ಮ ಕನ್ನಡ ಸಂಘದ ಮ್ಯಾಲಿನ ಖೋಲ್ಯಾಗ ರವಿವಾರಕ್ಕೊಮ್ಮೆ ಡಾಕ್ಟರ್ ರಮಾನಾಥ ಅಂತ ಬರ್ತಾರ. ಗುಳಿಗಿ ಕೊಡೂ ಡಾಕ್ಟರಲ್ಲ, ಮನಸಿನ ಡಾಕ್ಟರು. ಮಾತಾಡಸಿ, ಕೇಳಿಸ್ಕೊಂಡು ದಾರಿ ತೋರಸ್ತಾರ,” ಅಂದ್ರು.

ಪರಪ್ಪ ನಕ್ಕ. “ಮಾತಾಡಿದ್ರ ಗುಣ ಆಗೂದಾದ್ರ ನಮ್ಮ ಮಲ್ಲಕ್ಕನ ಖಾನಾವಳಿ ದೊಡ್ಡ ದವಾಖಾನಿ ಆಗಿರ್ತಿತ್ತು. ಇವಗೇನು ಹುಚ್ಚ ಹಿಡದೈತೇನ್ರಿ?”

“ಹುಚ್ಚ ಹಿಡದವರಿಗೆ ಅಷ್ಟ ಅಲ್ಲೋ ಪರಪ್ಪ. ಕಾಲೇಜ್ ಹುಡುಗೂರು ಬರ್ತಾರ, ಹಡದ ಬಾಣಂತ್ಯಾರು ಬರ್ತಾರ, ಸಾಹೇಬರೂ ಬರ್ತಾರ. ಕಾಲ ಉಳುಕಿದ್ರ ತೋರಸ್ತಿ, ಮನಸು ಉಳುಕಿದ್ರ ಯಾಕ ತೋರಸಂಗಿಲ್ಲ?” ಅಂದ್ರು ಟೀಚರು.

ರವಿವಾರ ಹೊಂಟ್ವಿ. ನಮ್ಮ ಚಾಳಿನ್ಯಾಗ ಯಾರೂ ಒಬ್ಬರೇ ದವಾಖಾನಿಗೆ ಹೋದದ್ದ ಇಲ್ಲ, ಹೋದ್ರ ದಂಡಿಗೆ ದಂಡು. ಚಂದ್ರವ್ವ, ಟೀಚರು, ನಾನು, ಬ್ಯಾಡ ಬ್ಯಾಡ ಅನಕೋತ ಪರಪ್ಪ, ಮ್ಯಾಲ ಬಾಜೂ ಮನಿಯವರು. ಲೋಕಲ್‌ನ್ಯಾಗ ನಮ್ಮದ ಅರ್ಧ ಡಬ್ಬಿ.

ರಮಾನಾಥ ಡಾಕ್ಟರು ಉಡುಪಿ ಕಡೆಯವರು, ಸಾವಕಾಶ ಮಾತು. “ಊಟ ಸೇರ್ತದಾ ಬಂಡೆಪ್ಪನವರೇ?” ಅಂತ ಕೇಳಿದ್ರು.

“ಇಲ್ರೀ, ಅರ್ಧ ರೊಟ್ಟಿ ಅಷ್ಟ,” ಅಂದ್ಲು ಚಂದ್ರವ್ವ.

“ನಿದ್ದೆ?”

“ನಿದ್ದಿ ಎಲ್ಲೀದ್ರಿ, ಇಡೀ ಚಾಳು ಕೇಳೂವಂಗ ಒದರ್ತಾನ,” ಅಂದೆ ನಾನು.

“ಹೆದರಿಕೆ ಯಾವುದು?”

“ಅದೆಲ್ಲಾ ಮರತಬಿಡು ಅಂತ ಹೇಳೀವ್ರಿ,” ಅಂದ ಪರಪ್ಪ.

ಡಾಕ್ಟರು ಕನ್ನಡಕ ತಗದ್ರು. “ಅವರಿಗೂ ಬಾಯಿ ಉಂಟಲ್ಲ ಮಾರಾಯ್ರೆ. ನೀವೆಲ್ಲ ಸ್ವಲ್ಪ ಹೊರಗೆ ಕೂತುಕೊಳ್ಳಿ. ಇಲ್ಲಿ ಆಡಿದ ಮಾತು ನಾನು ಯಾರಿಗೂ ಹೇಳುವುದಿಲ್ಲ.”

ನನಗ ಸಿಟ್ಟು ಬಂತ್ರಿ. ಅಷ್ಟ ದೂರಿಂದ ಬಂದವರನ್ನ ಬಾಗಲಾ ಹಾಕಿ ಕೂಡ್ರಸೂದಂದ್ರೇನು? ಸ್ವಲ್ಪ ಹೊತ್ತಿಗೆ ಒಳಗಿಂದ ಅಳೂ ಸಪ್ಪಳ ಬಂತು. ಗಂಡಸು, ಸಣ್ಣ ಕೂಸಿನಂಗ ಅಳಾಕತ್ತಿದ್ದ. ಚಂದ್ರವ್ವ ಎದ್ದು ಬಾಗಲಕ್ಕ ಓಡಿದ್ಲು. ಟೀಚರು ಆಕಿ ಕೈ ಹಿಡದ್ರು. “ಇಷ್ಟ ದಿನ ಅಳಾಕ ಯಾರ ಬಿಟ್ಟೀವಿ ಅವಗ? ಅಳ್ಲಿ ಬಿಡು,” ಅಂದ್ರು.

ಹೊರಗ ಬಂದವನ ಕಣ್ಣು ಕೆಂಪಾಗಿದ್ವು, ಮುಖ ಹಗರಾಗಿತ್ತು. ಕೆಳಗ ಉಡುಪಿ ಹೋಟೆಲಿಗೆ ಹೋದ್ವಿ. ಉಪ್ಪಿಟ್ಟು ಬಂತು. ಬಂಡೆಪ್ಪ ಎಲ್ಲರ ಮುಂದ ಅಂದ, “ಸಾಯಬಣ್ಣಗ ಉಪ್ಪಿಟ್ಟಂದ್ರ ಜೀವ ಆಗಿತ್ತು.”

ಯಾರೂ ತುತ್ತು ಎತ್ತಲಿಲ್ಲ. ಪರಪ್ಪ ಚಾ ಅರ್ಧಕ್ಕ ಬಿಟ್ಟು ಎದ್ದು ಹೋದ.

ಒಂದ ದಿನಕ್ಕ ಗುಣ ಆತು ಅಂತ ಮಾತ್ರ ತಿಳೀಬ್ಯಾಡ್ರಿ. ಬಂಡೆಪ್ಪ ವಾರಾ ವಾರಾ ಹೋದ, ದಂಡು ಬಿಟ್ಟು ಒಬ್ಬನ. ಡಾಕ್ಟರು ಎಲ್ಲಾರಿಗೂ ಒಂದ ಥರಾ ಮಾಡಂಗಿಲ್ಲ, ಮನಶ್ಯಾನ್ನ ನೋಡಿ ದಾರಿ ಹುಡಕ್ತಾರ. ಒಂದ ವಾರ ಮಾತು. ಇನ್ನೊಂದ ವಾರ ಎದಿ ಹೊಡಕೊಂಡಾಗ ಉಸುರು ಹೆಂಗ ತಗೋಬೇಕು ಅನ್ನೂದು. ಒಮ್ಮೆ ಚಂದ್ರವ್ವನ್ನೂ ಕೂಡ್ರಿಸಿ, ಮನ್ಯಾಗ ಹೆಂಗ ನಡಕೋಬೇಕು ಅಂತ ಹೇಳಿದ್ರು. ನಿದ್ದಿ ಭಾಳ ಕೆಟ್ಟಾಗ ಔಷಧ ಕೊಡೂ ಡಾಕ್ಟರ ಕಡೆ ಕಳಿಸಿದ್ರು. ಆಮ್ಯಾಲ, ಮದಲನೇ ಬಿದಿರು ಹತ್ತು, ಅಲ್ಲೇ ನಿಲ್ಲು, ಇಳಿ. ಅಷ್ಟ. ಆಗಲ್ದ ದಿನ ಆಗವಲ್ದು ಅಂತ ಹೇಳು ಅಂದ್ರು. ಚಂದ್ರವ್ವ ಕಟ್ಟಿದ ಗಂಟು ಬಿಚ್ಚಿದ್ಲು.

ನಿನ್ನಿ ನಾ ಬುತ್ತಿ ತಗೊಂಡು ಹೋಗಿದ್ದೆ. ಬಂಡೆಪ್ಪ ಹತ್ತಾಕತ್ತಿದ್ದ. ಅರ್ಧಕ್ಕ ನಿಂತ, ಉಸುರು ತಗೊಂಡ, ಮತ್ತ ಹತ್ತಿದ. ತುದಿಗೆ ಹೋಗಿ ನಿಂತು ಒದರಿದ, “ಸಾಯಬಣ್ಣಾ, ನಾ ಹತ್ತಿದ್ನೋ!”

ಕೆಳಗ ಕೆಲಸ ನಿಂತ್ವು. ಯಾರೂ ಬೀಳಲಿಲ್ಲ. ನಾ ಬುತ್ತಿ ಕೆಳಗಿಟ್ಟು ಕುಣದೇ ಬಿಟ್ಟೆ, ಈ ವಯಸ್ಸಿನ್ಯಾಗ.

ಸಂಜೀಕ ಪರಪ್ಪ ಖಾನಾವಳಿಗೆ ಬಂದ. ರೊಟ್ಟಿ ಮುಟ್ಟಲಿಲ್ಲ. ಅಲ್ಲೇ ಇದ್ದ ಟೀಚರಿಗೆ ಕೇಳಿದ, “ಆ ಡಾಕ್ಟರು ಈ ರವಿವಾರ ಇರ್ತಾರೇನ್ರಿ?”

“ಯಾರಿಗೆ ಪರಪ್ಪ?”

ಪರಪ್ಪ ರೊಟ್ಟಿ ಗಂಗಾಳ ಬಾಜೂಕ ಸರಿಸಿದ. “ಅವತ್ತ ಸಾಯಬಣ್ಣಗ ಜ್ವರ ಇದ್ದೂ. ಇವತ್ತ ಬ್ಯಾಡ ಅಣ್ಣಾ ಅಂದಿದ್ದ. ಹತ್ತೋ ಅಂದಾಂವ ನಾನ.”

ನನ್ನ ಕಣ್ಣಾಗ ನೀರು ಬಂದ್ವು. “ನಾನೂ ಜೋಡಿ ಬರ್ತೀನಿ ತಡಿ,” ಅಂದೆ.

“ಬ್ಯಾಡ ಮಲ್ಲಕ್ಕ,” ಅಂದ ಪರಪ್ಪ. “ನೀ ಬಂದ್ರ ನನಗೆಲ್ಲಿ ಮಾತಾಡಾಕ ಬಿಡ್ತಿ?”

ತಾಯಂದಿರಾ, ಅಣ್ಣಾರಾ, ನಿಮ್ಮ ಮನ್ಯಾಗ ಸುಮ್ಮಕಾಗಿ ಕುಂತವರು ಯಾರದಾರ, ಒಮ್ಮೆ ತಿರುಗಿ ನೋಡ್ರಿ. ಪರೀಕ್ಷಾಕ್ಕ ಹೆದರಿ ಊಟ ಬಿಟ್ಟ ಮಗಳು, ಪಾಳಿ ಮುಗಿಸಿ ಬಂದು ಮಾತ ಆಡಲ್ದ ಗಂಡ. ಮರತಬಿಡು ಅನಬ್ಯಾಡ್ರಿ. ದೇವರಿಗೆ ಕೈ ಮುಗೀರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಮನಸಿನ ಡಾಕ್ಟರಿಗೂ ತೋರಸ್ರಿ. ನಾಚಿಕಿ ಬ್ಯಾಡ. ಜೋಡಿ ಹೋಗ್ರಿ, ಬಾಗಲ ತನಕ ಹೋಗ್ರಿ. ಒಳಗ ಮಾತ್ರ ಅವರನ್ನ ಒಬ್ಬರನ್ನ ಬಿಟ್ಟು, ನೀವು ಹೊರಗ ಬೆಂಚಿನ ಮ್ಯಾಲ ಕಾಯ್ರಿ.