ತೊಳೆದ ಮೇಲೆ

ಇಸ್ತ್ರಿ ಯಂತ್ರದ ರೋಲರ್‌ಗಳ ಮುಂದೆ ಕೈ ಒಳಗೆ ಹೋಗದಂತೆ ಒಂದು ಅಡ್ಡಕಂಬಿ ಇತ್ತು. ಕೆಲಸ ನಿಧಾನವಾಗುತ್ತದೆಂದು ಅದನ್ನು ಬಿಚ್ಚಿಸಿದವರು ಲಾಂಡ್ರಿಯ ಯಜಮಾನರು. ಸ್ಕ್ರೂ ತಿರುಗಿಸಿ ಬಿಚ್ಚಿದವಳು ಮೇಲ್ವಿಚಾರಕಿ ದೊಡ್ಡಕ್ಕ. ಒದ್ದೆ ಬೆಡ್‌ಶೀಟಿನ ಜೊತೆ ರೋಲರ್‌ಗೆ ಸಿಕ್ಕಿ ಬಲಗೈಯ ನಾಲ್ಕು ಬೆರಳು ಕಳೆದುಕೊಂಡವಳು ಕೆಲಸಗಾತಿ ಘಾಟಿ.

ಹನ್ನೊಂದು ವರ್ಷದ ಮೇಲೆ, ದೊಡ್ಡಕ್ಕನ ಶವಪೆಟ್ಟಿಗೆ ಪ್ರಾರ್ಥನಾ ಮಂದಿರದ ನಡುವೆ ತೆರೆದಿತ್ತು. ಬಾಗಿಲಲ್ಲಿ ಘಾಟಿ ಯಜಮಾನರ ಹೆಂಡತಿಯನ್ನು ಮೊಣಕೈಯಿಂದ ಸರಿಸುತ್ತಿದ್ದಳು.

"ಇದೇನೇ ನಿನ್ನ ಅವಸ್ಥೆ? ಸಾವಿನ ಪ್ರಾರ್ಥನೆಗೆ ಯಾರಾದ್ರೂ ಹೀಗೆ ತಲೆ ಕೆದರ್ಕೊಂಡು ಬರ್ತಾರಾ? ಬಾ, ಬಿಚ್ಚಿ ಬಾಚ್ತೀನಿ," ಎಂದಳು ಯಜಮಾನರ ಹೆಂಡತಿ.

ಘಾಟಿಯ ಸೊಂಟ ದಾಟಿದ ಜಡೆ ಮೂರು ದಿನ ಹಳೆಯದು. ಕಿವಿಯ ಹತ್ತಿರ ಎಳೆಗಳು ಎದ್ದು ನಿಂತಿದ್ದವು.

"ಕೈ ಇಟ್ರೆ ಕಚ್ತೀನಿ," ಎಂದು ಘಾಟಿ ಒಳಗೆ ನಡೆದಳು.

ಹಿಂದಿನ ಬೆಂಚಿನಲ್ಲಿದ್ದ ಲಾಂಡ್ರಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

"ಬದುಕಿದ್ದಾಗ ದೊಡ್ಡಕ್ಕನ್ನ ಅರೆದು ಹಾಕಿದ್ಲು. ಸತ್ತ ಮೇಲಾದ್ರೂ ಕೈ ಬಿಡ್ತಾಳಾ ನೋಡು."

"ಬಿಡೋಕೆ ಕೈ ಎಲ್ಲಿದೆಯೇ?"

*

ಬೆರಳು ಹೋದ ವಾರವೇ, ಭಾನುವಾರ, ಯಜಮಾನರೂ ದೊಡ್ಡಕ್ಕನೂ ಇದೇ ಮಂದಿರದ ವೇದಿಕೆಯ ಮುಂದೆ ಮೊಣಕಾಲೂರಿದ್ದರು. ಯಜಮಾನರು ಬಿಕ್ಕಿಬಿಕ್ಕಿ ಅತ್ತರು. ಸಭಾಪಾಲಕರು ಇಬ್ಬರ ತಲೆಯ ಮೇಲೂ ಕೈಯಿಟ್ಟು, ಪಾಪ ಕ್ಷಮಿಸಲ್ಪಟ್ಟಿತು ಎಂದರು. ಸಭೆ ಎದ್ದು ಹಾಡಿತು. ಘಾಟಿ ಆಸ್ಪತ್ರೆಯಲ್ಲಿದ್ದಳು, ಅವಳನ್ನು ಯಾರೂ ಕೇಳಲಿಲ್ಲ.

ಸೋಮವಾರ ದೊಡ್ಡಕ್ಕ ನೋಡಿದರೆ ಕಂಬಿ ಮೂಲೆಯಲ್ಲೇ ಒರಗಿತ್ತು.

"ಯಜಮಾನ್ರೇ, ಇದನ್ನ ಹಾಕ್ಸಲ್ವಾ?"

"ನಿನ್ನೆಗೆ ಎಲ್ಲಾ ತೀರಿತಲ್ಲಮ್ಮ. ದೇವರೇ ಮರೆತಿದ್ದಾನೆ. ನೀನ್ಯಾಕೆ ಕೆದಕ್ತೀಯ?"

ದೊಡ್ಡಕ್ಕ ತಾನೇ ಕಂಬಿ ಕೂರಿಸಿ ಸ್ಕ್ರೂ ಬಿಗಿದಳು. ಬಿಚ್ಚು ಎಂದರು. ಬಿಚ್ಚಲಿಲ್ಲ. ಮಧ್ಯಾಹ್ನದೊಳಗೆ ಅವಳ ಕೆಲಸ ಹೋಯಿತು. ಸಂಜೆಯೊಳಗೆ ಕಂಬಿ ಮತ್ತೆ ಮೂಲೆ ಸೇರಿತು.

ಘಾಟಿ ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ಬೆಳಿಗ್ಗೆ ದೊಡ್ಡಕ್ಕ ಬಾಚಣಿಗೆ ಹಿಡಿದು ಅವಳ ಬಾಗಿಲಲ್ಲಿ ನಿಂತಿದ್ದಳು.

"ನೋಡೋಕೆ ಬಂದ್ಯಾ?"

"ಒಂದು ಕೈಯಲ್ಲಿ ಜಡೆ ಹಾಕ್ಕೊಳೋಕಾಗಲ್ಲ," ಎಂದಳು ದೊಡ್ಡಕ್ಕ.

ಅಂದಿನಿಂದ ಹನ್ನೊಂದು ವರ್ಷ, ವಸತಿಗೃಹದ ಮೆಟ್ಟಿಲು ಉಜ್ಜುವ ಹೊಸ ಕೆಲಸಕ್ಕೆ ಹೋಗುವ ಮೊದಲು, ದಿನಾ ಬಂದಳು. ಘಾಟಿ ಒಂದು ದಿನವೂ ಕುಳಿತುಕೋ ಎನ್ನಲಿಲ್ಲ. "ಬಿಗಿಯಾಗಿ ಹಾಕೇ. ಬಿಚ್ಚೋದೊಂದೇ ಚೆನ್ನಾಗಿ ಬರುತ್ತೆ ನಿಂಗೆ," ಎನ್ನುವಳು. ಮನಸ್ಸು ಕೆಟ್ಟ ದಿನ ಮೂರು ಸಲ ಬಿಚ್ಚಿಸಿ ಮೂರು ಸಲ ಹಾಕಿಸುವಳು. ಇಷ್ಟೆಲ್ಲ ರಗಳೆ ಯಾಕೆ, ಕೂದಲು ಕತ್ತರಿಸಿಬಿಡು ಎಂದು ಪಕ್ಕದ ಮನೆಯವಳು ಹೇಳಿದ್ದಕ್ಕೆ, "ಕತ್ತರಿಸಿದ್ರೆ ಅವಳಿಗೆ ರಜ ಸಿಗುತ್ತಲ್ಲ!" ಎಂದಿದ್ದಳು.

ಒಮ್ಮೆ ಸಭಾಪಾಲಕರು ದೊಡ್ಡಕ್ಕನನ್ನು ದಾರಿಯಲ್ಲೇ ತಡೆದರು. "ಕ್ಷಮೆ ಸಿಕ್ಕಿದ ಮೇಲೂ ಹೀಗೆ ಅಲೆಯೋದು ಅಪನಂಬಿಕೆಯಮ್ಮ. ನಿನ್ನ ಪಾಪ ತೊಳೆದಾಯ್ತು."

"ತೊಳೆದಾಯ್ತು ಅಯ್ಯನವರೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ತೊಳೆದ ಬಟ್ಟೇನ ಹಿಂಡಿ ಹರವಬೇಕು. ಬಕೆಟ್ಟಲ್ಲೇ ಬಿಟ್ರೆ ಮುಗ್ಗಲು ಹಿಡಿಯುತ್ತೆ. ನಾನು ಕಂಡ ಕೆಲಸ ಇದೊಂದೇ."

ಈ ಪ್ರಾರ್ಥನೆಗೆ ಮೂರು ದಿನ ಮೊದಲು ದೊಡ್ಡಕ್ಕ ಜ್ವರದಲ್ಲೇ ಬಂದು ಜಡೆ ಹಾಕಿ, ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಬ್ರಶ್ಶು ಹಿಡಿದೇ ಬಿದ್ದು ಸತ್ತಳು. ಆ ಬೆಳಿಗ್ಗೆ ಘಾಟಿ ಅವಳಿಗೆ ಆಡಿದ ಕೊನೆಯ ಮಾತು, "ನಾಳೆ ತಡ ಮಾಡಿದ್ರೆ ಬಾಗಿಲು ತೆಗೆಯಲ್ಲ."

*

ಯಜಮಾನರು ಸಾಕ್ಷಿ ಹೇಳಲು ಎದ್ದರು. ಈಗ ಅವರು ಸಭೆಯ ಹಿರಿಯರೂ ಹೌದು. ಕರವಸ್ತ್ರ ಸಿದ್ಧವಾಗಿತ್ತು.

"ನಮ್ಮ ದೊಡ್ಡಕ್ಕ ಅವತ್ತು ನನ್ನನ್ನೊಂದು ಮಾತು ಕೇಳದೆ ಕಂಬಿ ಬಿಚ್ಚಿಬಿಟ್ಟಳು. ನಾನು ಕ್ಷಮಿಸಿದೆ. ಸಭೆಯೂ ಕ್ಷಮಿಸಿತು. ಈ ತಂಗಿಯೂ ಒಂದು ಮಾತು ಅಂದುಬಿಟ್ಟರೆ ಆಕೆ ನೆಮ್ಮದಿಯಿಂದ ಹೋಗ್ತಾಳೆ."

ಸಭಾಪಾಲಕರು ಘಾಟಿಯತ್ತ ಕೈಚಾಚಿದರು. "ಬಾಮ್ಮ, ಯಜಮಾನರ ಪಕ್ಕ ನಿಲ್ಲು. ಅವಳ ತಪ್ಪು ಕ್ಷಮಿಸಿದ್ದೀನಿ ಅನ್ನು. ಅಷ್ಟೇ."

ಘಾಟಿ ಪೆಟ್ಟಿಗೆಯ ಬಳಿ ಬಂದಳು. ತಲೆದೆಸೆಯಲ್ಲಿ ದೊಡ್ಡಕ್ಕನ ಮಗಳು ನಿಂತಿದ್ದಳು. ಅವಳಿಗೂ ಲಾಂಡ್ರಿಯಲ್ಲೇ ಕೆಲಸ, ಅದೇ ಯಂತ್ರಕ್ಕೆ ಬಟ್ಟೆ ಕೊಡುವುದು. ಘಾಟಿ ಅವಳ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು.

"ಕಂಬಿ ಹಾಕಿದ್ದಾರೇನೇ?"

ಮಗಳು ಯಜಮಾನರ ಮುಖ ನೋಡಿದಳು. "ಮೂಲೇಲೇ ಇದೆ, ಅತ್ತೆ."

"ಅದನ್ನ ಮಾತಾಡೋ ಜಾಗವೇನೇ ಇದು?" ಯಜಮಾನರು ಹತ್ತಿರ ಬಂದು ದನಿ ತಗ್ಗಿಸಿದರು. "ನನ್ನ ಲಾಂಡ್ರಿ ಗೇಟ್ ಕಾಯ್ಕೊಂಡು ಉಣ್ತಿದ್ದೀಯ. ನಾಳೆ ಅದೂ ಇರಲ್ಲ. ಹೇಳ್ತೀಯೋ ಇಲ್ವೋ?"

"ಬಿಚ್ಚು ಅಂದೋರು ನೀವು," ಎಂದಳು ಘಾಟಿ. ಅವಳು ದನಿ ತಗ್ಗಿಸಲಿಲ್ಲ. "ಅವಳನ್ನ ಅವಳ ಪಾಡಿಗೆ ಬಿಡಿ. ನಿಮ್ಮ ಪಕ್ಕ ನಿಂತು ನಾನೇನೂ ಹೇಳಲ್ಲ."

ಬೆಂಚುಗಳು ಗುಸುಗುಟ್ಟಿದವು. ಸಭಾಪಾಲಕರು ಹಾಡಿನ ಪುಸ್ತಕದ ಹಾಳೆ ತಿರುವತೊಡಗಿದರು. ಏನಾದರೊಂದು ಮಾಡಬೇಕೆಂದು ಯಜಮಾನರ ಹೆಂಡತಿ ಹಿಂದಿನಿಂದ ಬಂದು ಜಡೆಯ ತುದಿಗೆ ಕೈಹಾಕಿದಳು.

"ಹೆಣದ ಮುಂದೆ ಹೀಗೆ ನಿಲ್ಬೇಡ್ವೇ. ಬಿಚ್ಚು, ನೀಟಾಗಿ ಹಾಕ್ತೀನಿ."

ಘಾಟಿ ಜಡೆಯನ್ನು ಕಿತ್ತುಕೊಂಡು ಮುಂದಕ್ಕೆಳೆದು, ಬೆರಳಿಲ್ಲದ ಅಂಗೈಯನ್ನು ಅದರ ಮೇಲೆ ಒತ್ತಿ ಎದೆಗೆ ಅದುಮಿಕೊಂಡಳು.

"ಬಿಚ್ಚಲ್ಲ," ಎಂದಳು.