ಬಿಳಿ ಕಳಚುವ ಹೊತ್ತು

ಕಾಲುಚೀಲದ ತುದಿ ಹಳದಿಗಟ್ಟಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಮೊದಲ ವಾರವಷ್ಟೇ ಬಿಳಿ, ಆಮೇಲೆ ಕೊಳೆ ಎದ್ದು ಕಾಣುವ ಬಟ್ಟೆ, ಅಷ್ಟೆ — ಗಿಜ್ಲಾನ್ ಕಾಲನ್ನು ಬಿಳಿ ನಿಲುವಂಗಿಯೊಳಗೆ ಎಳೆದುಕೊಂಡಳು, ಎದುರಿನ ದಿವಾನದ ಮೇಲೆ ಮದುವೆ ಗೊತ್ತಾದ ತಂಗಿ ಹಸ್ನಾ ಚಕ್ಕಳಮಕ್ಕಳ ಹಾಕಿ ಕೂತು ಫೋನನ್ನು ಚಹಾದ ಕೆಟಲಿಗೆ ಒರಗಿಸಿದ್ದಳು, ಫೋನಿನೊಳಗಿಂದ ಫೋಟೋಗ್ರಾಫರ್ ವಿದಾದಳ ಧ್ವನಿ, ಎಲ್ಲಿದ್ವಿ, ಹಾಂ, ಐದು ಗಂಟೆ, ಐದಕ್ಕೆ ಮೊದಲನೇ ಕಫ್ತಾನ್, ಟೆರೇಸ್ ಮೇಲೆ, ಡಿಸೆಂಬರ್ ಬಿಸಿಲು ಓರೆಯಾಗಿ ಬೀಳತ್ತೆ, ನಂಗೆ ಆ ಬಿಸಿಲೇ ಬೇಕು, ಹಾಲ್‌ನಲ್ಲಿ ಹಾಕೋ ಲೈಟಲ್ಲಿ ಎಲ್ರೂ ಕಾಮಾಲೆ ಆದವರ ಥರ ಕಾಣ್ತಾರೆ, ಬರ್ಕೊಂಡ್ರಾ ಅಕ್ಕಾ. ಬರೆದುಕೊಂಡಳು. ಐದಕ್ಕೆ ಮೊದಲ ಕಫ್ತಾನ್ ಅಂದರೆ ನಾಲ್ಕೂಕಾಲಿಗೆ ಪಿನ್ನು ಚುಚ್ಚಲು ಶುರುವಾಗಬೇಕು, ವಧುವಿಗೆ ಉಡಿಸುವ ನಗಾಫಾ ಅರ್ಧ ಗಂಟೆ ಸಾಕು ಅನ್ನುತ್ತಾಳೆ, ನಗಾಫಾಗಳೆಲ್ಲ ಹಾಗೇ ಅನ್ನುತ್ತಾರೆ, ಮುಕ್ಕಾಲು ಗಂಟೆ ಎಂದು ಬರೆದಳು, ವಧು ಒಂದಾದ ಮೇಲೊಂದು ಬದಲಿಸುವ ಐದು ಉಡುಗೆಗೆ ಐದು ಸಲ ಮುಕ್ಕಾಲು ಗಂಟೆ, ಕಿರೀಟಕ್ಕೆ ಹತ್ತು ನಿಮಿಷ ಬೇರೆ, ಹನ್ನೊಂದು ವರ್ಷ ಶಾಲೆಯ ಕಚೇರಿಯಲ್ಲಿ ವೇಳಾಪಟ್ಟಿ ಬರೆದ ಕೈ ಇದು, ಗಣಿತದ ಮೇಷ್ಟ್ರಿಗೂ ಫ್ರೆಂಚ್ ಮೇಡಮ್ಮಿಗೂ ಒಂದೇ ಕೋಣೆ ಸಿಗದಂತೆ ನೋಡಿಕೊಂಡ ಕೈ, ಅದಕ್ಕೆ ತಲೆಯ ಅಪ್ಪಣೆ ಬೇಕಿಲ್ಲ, ತಲೆ ಎಲ್ಲಿಯಾದರೂ ಇರಲಿ, ಕೈ ಬರೆಯುತ್ತದೆ, ನಾಲ್ಕು ತಿಂಗಳಿಂದ ಅದು ಹಾಗೆಯೇ ಪಾತ್ರೆ ತೊಳೆಯುತ್ತಿದೆ, ಹಾಸಿಗೆ ಮಡಚುತ್ತಿದೆ, ಬಂದವರ ಕೈ ಕುಲುಕುತ್ತಿದೆ.

ಗಿಜ್ಲಾನಳ ಮದುವೆಗೆ ವೇಳಾಪಟ್ಟಿ ಇರಲಿಲ್ಲ, ಗಂಡ ಅಬ್ದೆಲಾಲಿ ಟ್ಯಾಕ್ಸಿಯವನು, ಆರು ಸೀಟು ತುಂಬಿದರೆ ಹೊರಡುವುದು, ತುಂಬದಿದ್ದರೆ ಕಾಯುವುದು, ಅವನಿಗೆ ಗೊತ್ತಿದ್ದ ಗಡಿಯಾರ ಅದೊಂದೇ, ಮದುವೆಯ ದಿನವೂ ಒಂದು ಸುತ್ತು ಕೆನಿತ್ರಾಕ್ಕೆ ಹೋಗಿ ಬಂದುಬಿಡುತ್ತೇನೆ ಎಂದು ಹೋದವನು ಬರುವ ಹೊತ್ತಿಗೆ ಬೆಳಕು ಹೋಗಿತ್ತು, ಏನ್ಮಾಡ್ಲಿ, ಆರನೇ ಸೀಟು ತುಂಬ್ಲೇ ಇಲ್ಲ, ಅಂದಿದ್ದ, ಹಣೆ ಒರೆಸಿಕೊಳ್ಳುತ್ತ, ಹಸ್ನಾ ಆಗ ಹತ್ತೊಂಬತ್ತರವಳು, ಭಾವ ನಮ್ಮಕ್ಕನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ತುಂಬ್ತಿತ್ತು ಅಲ್ವಾ ಅಂತ ಕೆಣಕಿದ್ದಳು, ಎಲ್ಲರೂ ನಕ್ಕಿದ್ದರು, ಆಮೇಲೆ ಟ್ಯೂಬ್‌ಲೈಟಿನಡಿ ತೆಗೆದ ಇಪ್ಪತ್ತೊಂದು ಫೋಟೋ, ಹತ್ತೊಂಬತ್ತರಲ್ಲಿ ಅವನ ಕಣ್ಣು ಮುಚ್ಚಿದೆ, ನಿದ್ದೆ, ನಿಂತಲ್ಲೇ ನಿದ್ದೆ, ಅದಕ್ಕೇ ಹಸ್ನಾ ಹಟ ಹಿಡಿದದ್ದು, ನನ್ನ ಮದ್ವೇಲಿ ನಿಮಿಷ ನಿಮಿಷಕ್ಕೂ ನೀನೇ ಬರೀಬೇಕು ಅಕ್ಕಾ. ಚಾಂದ್ರ ಪಂಚಾಂಗದ ಸಫರ್ ತಿಂಗಳ ಮೂರನೇ ದಿನ, ಈ ಆಗಸ್ಟಿನ ಸೆಕೆ, ಅಬ್ದೆಲಾಲಿ ಮಧ್ಯಾಹ್ನ ಬಂದು ಬೇಳೆ ತಿಂದ, ಉಪ್ಪು ಕಮ್ಮಿ ಎಂದ, ಹಾಕ್ಕೊಡ್ಲಾ ಎಂದಳು, ಬೇಡ ಬಿಡು ಎಂದು ಹೋಗಿ ಮಲಗಿದ, ಏಳಲಿಲ್ಲ, ಅಷ್ಟೇ, ಮೂವತ್ತೊಂಬತ್ತು ವರ್ಷ, ಹೃದಯ, ಅವಳಿಗೆ ನೆನಪಿರುವುದು ಉಪ್ಪು, ಬೇರೆ ಏನಾದರೂ ನೆನಪಾಗಬೇಕು ಎಂದು ಕಾದಿದ್ದಾಳೆ, ಅಳು ಬರಬೇಕು ಎಂದು ಪಕ್ಕದ ಮನೆಯವರೂ ಕಾದರು, ಮೂರು ದಿನ ಕಾದು ಕೂಸ್‌ಕೂಸ್ ತಿಂದು ಎದ್ದು ಹೋದರು, ಕಲ್ಲು ಕಣೇ ಇವಳು, ಬಾಗಿಲಾಚೆ ಒಬ್ಬಳು ಅಂದದ್ದು ಕೇಳಿಸಿತು, ಇರಬಹುದು ಎಂದುಕೊಂಡಳು.

ಅಲ್ಲಿಂದ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನ ಬಿಳಿ, ಕಾಡಿಗೆ ಇಲ್ಲ, ಅತ್ತರು ಇಲ್ಲ, ಬಣ್ಣ ಇಲ್ಲ, ಗಂಡನ ಮನೆಯಲ್ಲೇ ಮಲಗುವುದು, ಎರಡನೇ ಜುಮಾದಾ ತಿಂಗಳ ಹದಿಮೂರಕ್ಕೆ ಸೂರ್ಯ ಮುಳುಗಿದರೆ ಮುಗಿಯಿತು, ಹಸ್ನಾ ಫೋನಿನ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿಯೇ ಹಾಲ್ ಗೊತ್ತು ಮಾಡಿದ್ದು, ಹದಿಮೂರು ಅಂದರೆ ಶನಿವಾರ, ಒಂದಿನ ಆಚೆ ಬೇಡ ಈಚೆ ಬೇಡ, ಅವತ್ತೇ ಹಾಲ್ ಇದೆ, ನಗಾಫಾ ಇದ್ದಾಳೆ, ನೀನೂ ಇರ್ತೀಯ. ಅಮ್ಮ ತೀರಿಕೊಂಡಾಗ ಹಸ್ನಾಗೆ ಆರು ವರ್ಷ, ಜಡೆ ಹಾಕಿದವಳು ಗಿಜ್ಲಾನ್, ಹೇನು ತೆಗೆದವಳು ಗಿಜ್ಲಾನ್, ಅಕ್ಕ ನನ್ನ ಪಕ್ಕದಲ್ಲಿ ಇಲ್ಲದ ಮದುವೆ ಫೋಟೋ ನಂಗೆ ಬೇಡ ಅಂದಿದ್ದಾಳೆ, ಈಗಲೂ ಅದನ್ನೇ ವಿದಾದಳಿಗೆ ಹೇಳುತ್ತಿದ್ದಾಳೆ, ಅದೊಂದು ಫೋಟೋ ಕೆಟ್ರೆ ಉಳಿದದ್ದೆಲ್ಲ ನೀವೇ ಇಟ್ಕೊಳ್ಳಿ. ಅಯ್ಯೋ ಕೆಡಲ್ಲ ಮಾರಾಯ್ತಿ, ಸೂರ್ಯ ಮುಳುಗೋದು ಎಷ್ಟಕ್ಕೆ. ಆರು ಇಪ್ಪತ್ನಾಲ್ಕು, ಎಂದಳು ಗಿಜ್ಲಾನ್. ಮುಳುಗಿದ ಮೇಲೂ ಇಪ್ಪತ್ತು ನಿಮಿಷ ನೀಲಿ ಬೆಳಕಿರತ್ತೆ, ಬಹಳ ಚೆನ್ನಾಗಿರತ್ತೆ, ಆರು ಮುಕ್ಕಾಲು ಆದ್ರೆ ನನ್ನ ಕ್ಯಾಮೆರಾಗೆ ಕಣ್ಣು ಕಾಣಲ್ಲ, ಅಷ್ಟರಲ್ಲಿ ನೀವು ಮೇಲಿರ್ಬೇಕು. ಇರುತ್ತಾಳೆ, ಲೆಕ್ಕ ಹಾಕಿಯಾಗಿದೆ, ಟೆರೇಸ್ ಅಪ್ಪನ ಮನೆಯದು, ಎರಡು ಗಲ್ಲಿ ಆಚೆ, ಆರಕ್ಕೇ ಹೋಗಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರುವುದು, ಹಸಿರು ಕಫ್ತಾನ್ ಅಲ್ಲಿ ಮೊಳೆಗೆ ತೂಗುಹಾಕಿರುತ್ತದೆ, ಆಜಾನ್ ಆದೊಡನೆ ಬಿಳಿ ಕಳಚುವುದು, ನಾಲ್ಕು ನಿಮಿಷ, ಕಾಡಿಗೆಗೆ ಒಂದು, ಮೂವತ್ತೊಂದು ಮೆಟ್ಟಿಲಿಗೆ ಒಂದು, ಆರೂವರೆಗೆ ಟೆರೇಸ್, ಅಕ್ಕ ತಂಗಿ, ಹನ್ನೆರಡು ನಿಮಿಷ, ಆ ಸಾಲಿನ ಕೆಳಗೆ ಗೆರೆ ಎಳೆದಳು, ಗೆರೆ ಎಳೆಯುವಾಗ ಒಳಗೆಲ್ಲೋ ಏನೋ ಅಲುಗಿತು, ಜೋಮು ಹಿಡಿದ ಕಾಲಿಗೆ ಮೊದಲ ಸೂಜಿ ಚುಚ್ಚಿದಂತೆ, ಅದು ನಿಜವೋ ಎಂದು ನೋಡಲು ಇನ್ನೊಮ್ಮೆ ಎಳೆದಳು.

ಬಾಗಿಲು ತೆರೆಯಿತು, ಅತ್ತೆ ಲಾಲ್ಲಾ ಬತೂಲ್, ಬೀದಿಯ ಒಲೆಮನೆಯಿಂದ ಸುಟ್ಟ ರೊಟ್ಟಿಗಳ ಹಲಗೆ ಹೊತ್ತು, ರೊಟ್ಟಿಯ ವಾಸನೆ ಅವಳಿಗಿಂತ ಮೊದಲು ಒಳಗೆ ಬಂತು, ಹಲಗೆ ಇಳಿಸಿ ಮೊಣಕಾಲು ಹಿಡಿದುಕೊಂಡು ಕೂತಳು, ನಿನ್ನೆ ಸಂಜೆ ಹೊಸ ಚಂದ್ರ ಕಾಣ್ಲಿಲ್ವಂತೆ, ರೇಡಿಯೋದಲ್ಲಿ ಹೇಳಿದ್ರಂತೆ, ಎಲ್ಲೂ ಕಾಣ್ಲಿಲ್ಲ, ಈ ತಿಂಗಳಿಗೆ ಮೂವತ್ತು ದಿನ, ನಾಳೆ ಒಂದು. ಇವತ್ತೇ ಒಂದು ಲಾಲ್ಲಾ, ಇಲ್ನೋಡಿ, ಎಂದು ಹಸ್ನಾ ಫೋನು ಎತ್ತಿ ತೋರಿಸಿದಳು, ಬತೂಲ್ ನೋಡಲಿಲ್ಲ, ಅದು ಎಲ್ಲಿಯ ಚಂದ್ರನ್ನ ನೋಡಿ ಬರ್ದಿದ್ಯೋ ಏನೋ, ನಮ್ಮ ತಿಂಗಳು ನಮ್ಮ ಆಕಾಶದ್ದು, ಎಣಿಸಿ ನೋಡು, ಹದಿಮೂರು ಭಾನುವಾರ. ಕೋಣೆಯಲ್ಲಿ ಯಾರೂ ಎಣಿಸಲಿಲ್ಲ. ಗಿಜ್ಲಾನಳ ಕೈ ಮಾತ್ರ ಹಾಳೆಯ ಮೂಲೆಯಲ್ಲಿ ಮಂಗಳ, ಬುಧ, ಗುರು ಎಂದು ಇಳಿಯುತ್ತ ಹೋಗಿ ಶನಿಯ ಪಕ್ಕ ಹನ್ನೆರಡು ಬರೆದು ನಿಂತಿತು. ಒಂದು ದಿನ ತಾನೇ ಲಾಲ್ಲಾ, ಒಂದೇ ಒಂದು ದಿನ, ಹಾಲ್ ಮುಂದಕ್ಕೆ ಹಾಕಿದ್ರೆ ಮತ್ತೆ ಸಿಗೋದು ಮಾರ್ಚಿಗೆ, ಗಂಡಿನ ಮನೆಯವರೆಲ್ಲ ಟಿಕೆಟ್ ಮಾಡಿಸಿಯಾಗಿದೆ, ಹಸ್ನಾಳ ದನಿ ಏರುತ್ತಿತ್ತು, ಬತೂಲ್ ಮಾತ್ರ ಏರಿಸದೆ, ರೊಟ್ಟಿಗೆ ಅಂಟಿದ ಬೂದಿ ತಟ್ಟುತ್ತಲೇ, ನಿನ್ನ ದಿನ ನಿಂಗೆ ದೊಡ್ಡದು ಮಗಳೇ, ಬೇಡ ಅಂದೋರು ಯಾರು, ನನ್ನ ಮಗನಿಗೆ ನಾವು ಇನ್ನೇನು ಕೊಡೋಕಾಗತ್ತೆ ಹೇಳು, ಊಟ ಹಾಕೋಕಾಗತ್ತಾ, ಬಟ್ಟೆ ಕೊಡೋಕಾಗತ್ತಾ, ಒಂದು ದಿನ ಉಳಿದಿದೆ, ಅದನ್ನೂ ಕಿತ್ಕೊಳ್ಬೇಕಾ. ಹಸ್ನಾ ಫೋನನ್ನು ಮತ್ತೆ ಕೆಟಲಿಗೆ ಒರಗಿಸಿದಳು. ಆಮೇಲೆ ಸಣ್ಣಗೆ, ಹಾಗಾದ್ರೆ ಬಿಳೀಲೇ ಬರ್ಲಿ. ಬಿಳೀಲಿ ಮದುವಣಗಿತ್ತಿ ಪಕ್ಕದಲ್ಲಾ, ಎಂದಳು ಬತೂಲ್, ನಿನ್ನ ಅತ್ತೆ ಮನೆಯವರು ಅಪಶಕುನ ಅಂತ ಚಪ್ಪಲಿ ಹಾಕ್ಕೊಂಡು ಎದ್ದು ಹೋಗ್ತಾರೆ, ಅಷ್ಟೇ. ಇಬ್ಬರೂ ಗಿಜ್ಲಾನಳ ಕಡೆ ತಿರುಗಿದರು, ನೀನು ಹೇಳಕ್ಕಾ, ನೀನು ಬರ್ತೀನಿ ಅಂದ್ರೆ ಯಾರು ಏನಂದ್ರೂ ನಾನು ಕೇಳಲ್ಲ, ಹಸ್ನಾಳ ಕಣ್ಣು ತುಂಬಿತ್ತು, ಬತೂಲಳ ಕಣ್ಣು ಒಣಗಿತ್ತು, ಎರಡೂ ಸುಳ್ಳಲ್ಲ, ಬರುತ್ತೇನೆ ಎನ್ನುವ ಮಾತು ನಾಲಿಗೆಯ ಹಿಂದೆ ಎಲ್ಲೋ ಇತ್ತು, ಅವಳು ಅದನ್ನು ಹುಡುಕಿದಳು, ಕತ್ತಲೆ ಕೋಣೆಯಲ್ಲಿ ಸ್ವಿಚ್ಚಿಗೆ ಗೋಡೆ ತಡವಿದಂತೆ ತಡವಿದಳು, ಸಿಕ್ಕದ್ದು, ಉಪ್ಪು ಕಮ್ಮಿ, ಹಾಕ್ಕೊಡ್ಲಾ, ಬೇಡ ಬಿಡು. ಹದಿಮೂರು ಭಾನುವಾರ, ಎಂದಳು. ಅದು ಅವಳದೇ ದನಿ.

ಹಲೋ, ಎಂದಿತು ಫೋನು, ಕೆಟಲಿನ ಪಕ್ಕದಲ್ಲಿ ವಿದಾದ್ ಎಲ್ಲ ಕೇಳಿಸಿಕೊಂಡು ಕೂತಿದ್ದಳು, ಅಳ್ಬೇಡ್ವೇ ಹಸ್ನಾ, ಇದೆಲ್ಲ ಆಗೋ ಕೆಲ್ಸಾನೇ, ಹೋದ ವರ್ಷ ವೀಸಾ ಸಿಗದ ಅಣ್ಣನ್ನ ಒಂದು ಮದ್ವೆ ಫೋಟೋಗೆ ಹೀಗೇ ಸೇರಿಸ್ದೆ, ಅವರಮ್ಮಂಗೇ ಗೊತ್ತಾಗ್ಲಿಲ್ಲ, ನೀನು ಶನಿವಾರ ಆರೂವರೆಗೆ ಅಕ್ಕ ಪಕ್ಕದಲ್ಲೇ ಇದ್ದಾಳೆ ಅನ್ಕೊಂಡು ನಿಂತ್ಕೋ, ತೋಳು ಅವಳ ಹೆಗಲ ಮೇಲೆ ಇಟ್ಟ ಹಾಗೆ, ಜಾಗ ಬಿಟ್ಟು, ಸೋಮವಾರ ಅದೇ ಟೆರೇಸಲ್ಲಿ, ಅದೇ ಹೊತ್ತಿಗೆ ಅಕ್ಕನ್ನ ಕಫ್ತಾನ್ ಹಾಕಿಸಿ ತೆಗೀತೀನಿ, ಕಂಪ್ಯೂಟರಲ್ಲಿ ಆ ಜಾಗಕ್ಕೆ ಕೂರಿಸಿದ್ರೆ ಮುಗೀತು, ಎತ್ತರ ಒಂದು ಸರಿಯಾಗಿರ್ಬೇಕು, ಈಗ್ಲೇ ನೋಡ್ಕೊಳ್ಳಿ. ಬತೂಲ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಗೆ ಹೋದಳು. ಗಿಜ್ಲಾನಳ ಕೈ ಬರೆಯಿತು, ಆರೂವರೆ, ಟೆರೇಸ್, ಅಕ್ಕ ಎಂಬುದನ್ನು ಹೊಡೆದುಹಾಕಿ ಜಾಗ ಎಂದು ಬರೆಯಿತು, ಜಾಗ, ತಂಗಿ, ಹನ್ನೆರಡು ನಿಮಿಷ — ಜಾಗಕ್ಕೆ ಹನ್ನೆರಡು ನಿಮಿಷ ಬೇಕಿಲ್ಲ, ಕಫ್ತಾನ್ ಸರಿಮಾಡಬೇಕಿಲ್ಲ, ಕಾಡಿಗೆ ತಿದ್ದಬೇಕಿಲ್ಲ, ಮೆಟ್ಟಿಲು ಹತ್ತಿದ ಏದುಸಿರು ಇಳಿಯಬೇಕಿಲ್ಲ, ಐದು ಸಾಕು ಎಂದು ತಿದ್ದಿತು, ಏಳು ನಿಮಿಷ ಉಳಿಯಿತು, ಎರಡನೇ ಕಫ್ತಾನಿಗೆ ಕೊಡಬಹುದು. ಹಸ್ನಾ ಮೂಗು ಒರೆಸಿಕೊಂಡು ಎದ್ದಳು, ಕಿಟಕಿಯ ಕಡೆ ಮುಖ ಮಾಡಿ ನಿಂತಳು, ಬಲತೋಳನ್ನು ಬದಿಗೆ ಚಾಚಿ ಬಾಗಿಸಿದಳು, ಬೆರಳುಗಳನ್ನು ಯಾರದೋ ಹೆಗಲು ಒತ್ತುವಂತೆ ಸ್ವಲ್ಪ ಮಡಚಿದಳು, ಇಷ್ಟಾ ಅಕ್ಕಾ, ನಿನ್ನ ಎತ್ತರ ಇಷ್ಟೇನಾ. ಗಿಜ್ಲಾನ್ ಕೂತಲ್ಲಿಂದಲೇ ನೋಡಿದಳು, ತೋಳು, ತೋಳಿನ ಕೆಳಗೆ ಕಿಟಕಿಯ ಬೆಳಕು, ಅದರಾಚೆ ಗೋಡೆ, ಸುಣ್ಣ, ಒಂದು ಮೊಳೆ, ಇನ್ನೂ ಸ್ವಲ್ಪ ಕೆಳಗೆ ಎಂದಳು, ತೋಳು ಇಳಿಯಿತು, ಇಷ್ಟಾ, ಇನ್ನೂ ಸ್ವಲ್ಪ, ತೋಳು ಇಳಿಯಿತು, ಹಾಂ, ಅಲ್ಲೇ, ಬೆರಳು ಮಡಚಿಕೊಂಡಿವೆ, ಏನನ್ನೂ ಹಿಡಿದಿಲ್ಲ, ಹಸ್ನಾ ತೋಳು ಎತ್ತಿಯೇ ನಿಂತಿದ್ದಾಳೆ, ಇಳಿಸು ಎನ್ನಬೇಕು, ಗಿಜ್ಲಾನ್ ನೋಡುತ್ತಲೇ ಇದ್ದಾಳೆ, ತೋಳು, ತೋಳಿನ ಕೆಳಗೆ ಬೆಳಕು, ಮಡಚಿದ ಬೆರಳು, ತೋಳು