ಎಮ್ಮೆ ಕುಡಿದ ಕಟ್ಟು

ನನ್ನ ಗಂಡ ಮಹದೇವಪ್ರಸಾದ್ ಅವರದು ನಮ್ಮೂರು ಹ್ಯಾಂಡ್‌ಪೋಸ್ಟ್‌ನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟು ಕರಕಲಾದ ಬೋರ್‌ವೆಲ್ ಮೋಟರ್ ತಂದುಕೊಟ್ಟರೆ ಬಿಚ್ಚಿ, ತಂತಿ ಸುತ್ತಿ, ಸಂಜೆಯೊಳಗೆ ಮತ್ತೆ ನೀರೆತ್ತುವ ಹಾಗೆ ಮಾಡುತ್ತಾರೆ. ಸುತ್ತ ಹತ್ತೂರಿನಲ್ಲಿ ಹೆಸರಿದೆ. ಇಂಥ ಬುದ್ಧಿವಂತರಿಗೆ ನಮ್ಮ ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಅನ್ನುವುದು ಮೂವತ್ತು ವರ್ಷದಿಂದ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಿ ಅಂತ ನಾನೂ ಹೇಳಿರಲಿಲ್ಲ, ಅದು ನನ್ನ ದಡ್ಡತನ.

ಈಗ ಯಾಕೆ ಈ ಮಾತು ಬಂತು ಅಂದರೆ, ನಮ್ಮ ಸ್ತ್ರೀಶಕ್ತಿ ಸಂಘದವರು ಗೋಕರ್ಣ, ಮುರುಡೇಶ್ವರಕ್ಕೆ ಮೂರು ದಿನದ ಪ್ರವಾಸ ಹೊರಟರು. ನಾನು ಸಮುದ್ರ ಕಂಡವಳಲ್ಲ. ಐವತ್ತು ದಾಟಿತು, ಕಬಿನಿ ಹಿನ್ನೀರನ್ನೇ ಸಮುದ್ರ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ. ಈ ಸಲ ಹೋಗೇ ತೀರುತ್ತೇನೆ ಅಂತ ಹಟ ಹಿಡಿದೆ.

ಅಡ್ಡ ಬಂದವರು ನಮ್ಮತ್ತೆ ಪುಟ್ಟಮಲ್ಲಮ್ಮ. ಎಂಬತ್ತು ವರ್ಷ. ಬೆಳಿಗ್ಗೆ ಲಿಂಗಪೂಜೆ ಮುಗಿಸಿದರೆ ಮುಗಿಯಿತು, ನಮ್ಮ ಮನೆ ಒಲೆಯ ಮೇಲೆ ಬೆಂದದ್ದು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ನೆಂಟರ ಮದುವೆಗೆ ಹೋದರೂ ಎರಡು ಬಾಳೆಹಣ್ಣು ತಿಂದು ಬರುತ್ತಾರೆ. ನಲವತ್ತು ವರ್ಷದ ಪಟ್ಟು ಅದು. ಪಕ್ಕದ ಮನೆ ಶಿವನಂಜಮ್ಮ, “ಮೂರು ದಿನ ತಾನೆ, ನಾನು ಊಟ ತಂದ್ಕೊಡ್ತೀನಿ,” ಅಂದದ್ದಕ್ಕೂ ಕೈ ಅಡ್ಡ ಆಡಿಸಿಬಿಟ್ಟರು.

“ನೀ ಓದ್ರೆ ನನಗೆ ಮುದ್ದೆ ಇಕ್ಕೋರ್ಯಾರು?” ಅಂದರು ನನಗೆ.

“ನಿಮ್ಮ ಮಗ ಇಕ್ತಾರೆ.”

ಅತ್ತೆ ನಕ್ಕರು ನೋಡಿ, ಎಲೆಅಡಿಕೆ ನೆತ್ತಿಗೆ ಹತ್ತಿತು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು ಷರತ್ತು ಹಾಕಿದರು. “ಸುಕ್ರವಾರ ತಾನೆ ಬಸ್ಸು? ಬುದುವಾರ ಮಾದೇವ ಒಬ್ನೇ ಮುದ್ದೆ, ಬಸ್ಸಾರು ಮಾಡಿ ಇಕ್ಲಿ. ನೀನು ಅಡುಗೆಮನೆಗೆ ಕಾಲಿಡಂಗಿಲ್ಲ, ತುಟಿ ಪಿಟಕ್ ಅನ್ನಂಗಿಲ್ಲ. ನಾನು ಉಂಡ್ರೆ ನೀ ಓಗು. ಉಣ್ಣದಿದ್ರೆ ಸಂಘದೋರಿಗೆ ಬರಲ್ಲ ಅಂದ್ಬುಡು.”

ನಾಲ್ಕು ದಿನ ಇತ್ತು. ಕಲಿಸಲು ಕೂತೆ. ಇವರು ಅಂಗಡಿಯಿಂದ ಒಂದು ಡೈರಿ, ಪೆನ್ಸಿಲ್, ಟೇಪು ತಂದರು.

“ಮುದ್ದೆಗೆ ನೀರು ಎಷ್ಟು ಲೀಟರು? ಇಟ್ಟು ಎಷ್ಟು ಗ್ರಾಮು?”

“ಅದಕ್ಕೆಲ್ಲ ಲೆಕ್ಕ ಇಲ್ಲ ಕಣ್ರೀ, ಕಣ್ಣಳತೆ.”

“ಕಣ್ಣಳತೇಲಿ ಮೋಟರ್ ಸುತ್ತಕಾಯ್ತದೇನೇ? ಸುಟ್ಟೋಯ್ತದೆ!” ಅಂದು ಪಾತ್ರೆಯೊಳಗೆ ಟೇಪು ಬಿಟ್ಟು ನೀರಿನ ಎತ್ತರ ಬರೆದುಕೊಂಡರು. ಎರಡೂಕಾಲು ಇಂಚು.

ಬಸ್ಸಾರಿನ ವಿಷಯ ನಿಮಗೆ ಗೊತ್ತೇ ಇರುತ್ತದೆ. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯಬೇಕು. ಆ ಬಸಿದ ನೀರೇ ಕಟ್ಟು. ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು, ಮಿಕ್ಕ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಜೊತೆಗೆ ಒಂದು ಹೆಚ್ಚಿನ ಬುದ್ಧಿಮಾತೂ ಹೇಳಿದೆ: “ನೀರು ಮೋರಿಗೆ ಚೆಲ್ಲಬೇಡಿ. ಅಕ್ಕಿ ತೊಳೆದದ್ದು, ಕಾಳು ತೊಳೆದದ್ದು, ಎಲ್ಲ ಹಿತ್ತಲ ಮುಸುರೆ ಬಕೆಟ್ಟಿಗೆ ಹಾಕಿ. ಎಮ್ಮೆ ಕುಡೀತದೆ.” ಆ ಮಾತಾಡಿದ ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಬುಧವಾರ ಬಂತು. ಅತ್ತೆ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ನನ್ನನ್ನು ಹಿತ್ತಲಿಗೆ ಅಟ್ಟಿದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಡುಗೆಮನೆಯ ಹಿಂಬಾಗಿಲನ್ನೇ ನೋಡುತ್ತಿದ್ದೆ. ಇವರು ಈರುಳ್ಳಿ ಹೆಚ್ಚಲು ವೆಲ್ಡಿಂಗ್ ಕನ್ನಡಕ ಹಾಕಿಕೊಂಡಿದ್ದರು. ಅದರ ಕಪ್ಪು ಗಾಜಿನಲ್ಲಿ ಏನೂ ಕಾಣದೆ ಕೈತಡವಿಕೊಂಡು ಹೆಚ್ಚುತ್ತಿದ್ದರು. ಬೆರಳು ಉಳಿದದ್ದೇ ಪುಣ್ಯ. ಆದರೂ ಸ್ವಲ್ಪ ಹೊತ್ತಿಗೆ ದಂಟಿನ ಸೊಪ್ಪು, ತೊಗರಿಕಾಳು ಬೆಂದ ವಾಸನೆ ಘಮ್ಮನೆ ಬಂತು. ನನ್ನ ಕಣ್ಣಿಗೆ ಆಗಲೇ ಅಲೆಗಳು ಕಾಣತೊಡಗಿದವು.

ಅಷ್ಟರಲ್ಲಿ ಇವರು ಕಟ್ಟಿನ ಪಾತ್ರೆ ಹಿಡಿದು ಹಿತ್ತಲಿಗೆ ಬಂದರು. ಬೆವರು ಸುರಿಯುತ್ತಿತ್ತು, ಮುಖದಲ್ಲಿ ಗೆದ್ದ ಕಳೆ. ಸೀದಾ ಮುಸುರೆ ಬಕೆಟ್ಟಿಗೆ ಹೋಗಿ ದಬದಬನೆ ಸುರಿದೇಬಿಟ್ಟರು!

ಅಯ್ಯೋ ಶಿವನೇ! ಎದ್ದು ನಿಂತು ಎರಡೂ ಕೈ ಬೀಸಿದೆ. ತಲೆ ಚಚ್ಚಿಕೊಂಡೆ. ಇವರು ನನ್ನನ್ನು ನೋಡಿ ಹೆಬ್ಬೆರಳು ಎತ್ತಿ ತೋರಿಸಿ, ‘ಒಂದು ತೊಟ್ಟೂ ಮೋರಿಗೆ ಹಾಕಿಲ್ಲ ನೋಡು’ ಅನ್ನುವ ಹಾಗೆ ಹಲ್ಲು ಕಿರಿದು ಒಳಗೆ ಹೋದರು. ಎಮ್ಮೆ ಮೂತಿ ಇಟ್ಟು ಸೊರಸೊರನೆ ಎಳೆಯಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತೆ.

ಒಳಗಿನಿಂದ ಮಾತು ಕೇಳಿಸಿತು.

“ಅವ್ವಾ, ಖಾರ ರುಬ್ಬಿದ್ದಾಯ್ತು. ಇದ್ನ ಈಗ ಎಲ್ಲಿಗಾಕ್ಲಿ?”

“ಕಟ್ಟಿಗಾಕು ಕಣ್ಲಾ.”

ಇವರು ಮೆಲ್ಲಗೆ ಹಿಂಬಾಗಿಲಿಗೆ ಬಂದರು. ಬಕೆಟ್ಟಿನಲ್ಲಿ ಇಣುಕಿದರು. ಎಮ್ಮೆ ತಳ ನೆಕ್ಕುತ್ತಿತ್ತು. “ಎಲ್ಲಾನೂ ಕುಡುದ್ಬುಟ್ಯಾ ತಾಯಿ?” ಅಂತ ಅದನ್ನು ಕೇಳಿದರು. ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ, ಮಾತಾಡುವ ಹಾಗಿಲ್ಲವಲ್ಲ. ಐವತ್ತೇಳು ವರ್ಷದ ಮನುಷ್ಯ ಪಂಚೆ ಎತ್ತಿ ಕಟ್ಟಿ, ಕಾಂಪೌಂಡ್ ಹತ್ತಿ, ಶಿವನಂಜಮ್ಮನ ಹಿತ್ತಲಿಗೆ ಧೊಪ್ಪನೆ ಬಿದ್ದರು. ಮತ್ತೆ ಗೋಡೆಯ ಮೇಲೆ ಕಂಡಾಗ ಕೈಯಲ್ಲಿ ಚೊಂಬಿತ್ತು. ಆ ಮನೆಯಲ್ಲಿ ಅವತ್ತು ಹುರುಳಿ ಬೇಯಿಸಿದ್ದರು. ಅದರ ಕಟ್ಟು.

ಬೇರೆ ಮನೆ ಒಲೆಯದು! ಅತ್ತೆ ಅದನ್ನು ಉಂಡರೆ ನಲವತ್ತು ವರ್ಷದ ಪಟ್ಟು ಮಣ್ಣುಪಾಲು. ಬಾಯಿ ಬಿಟ್ಟರೆ ನನ್ನ ಸಮುದ್ರ ಮಣ್ಣುಪಾಲು. ನಿಜ ಹೇಳುತ್ತೇನೆ, ನಾನು ಸುಮ್ಮನಿದ್ದೆ. ಅಷ್ಟು ಆಸೆ ಇತ್ತು ನನಗೆ.

ಮುದ್ದೆ ತಿರುವುವ ಸದ್ದು ಕೇಳಿಸಿತು. ಪಾತ್ರೆ ಅಡುಗೆಮನೆ ತುಂಬ ಓಡಾಡುತ್ತಿದೆಯೇನೋ ಅನ್ನಿಸಿತು. “ನಿಲ್ಲೇ ಮುಂಡೇದೆ!” ಅಂತ ಇವರು ಪಾತ್ರೆಗೇ ಬೈಯುತ್ತಿದ್ದರು. ಕೊನೆಗೆ ಊಟಕ್ಕೆ ಕರೆ ಬಂದಾಗ ನಾನು ನಡುಮನೆಯ ಬಾಗಿಲಲ್ಲಿ ನಿಂತೆ.

ಇವರು ಮುದ್ದೆ ಇಕ್ಕಿದರು. ನಾನು ಲೆಕ್ಕವಿಲ್ಲದಷ್ಟು ಮುದ್ದೆ ಕಟ್ಟಿದ್ದೇನೆ, ಮೂಲೆಗಳಿರುವ ಮುದ್ದೆಯನ್ನು ಕಂಡದ್ದು ಅವತ್ತೇ. ಅತ್ತೆ ಮುರಿದರು. ಒಳಗಿಂದ ಒಣಹಿಟ್ಟು ಪುಸ್ಸನೆ ಹಾರಿ ಅವರ ಮೂಗಿನ ತುದಿಗೆ ಕೂತಿತು. ಒರೆಸಿಕೊಳ್ಳಲಿಲ್ಲ. ಒಂದು ತುತ್ತು ಸಾರಿಗೆ ಅದ್ದಿ ನುಂಗಿದರು. ಇನ್ನೊಂದು ಅದ್ದಿದರು.

ಪೂಜೆ ಮಾಡಿ ಬಳಿದುಕೊಂಡ ವಿಭೂತಿ ಅವರ ಹಣೆಯ ಮೇಲೆ ಇನ್ನೂ ಹಾಗೇ ಇತ್ತು. ನೋಡಿ ನನಗೆ ತಡೆಯಲಾಗಲಿಲ್ಲ.

“ಅತ್ತೆ, ಉಣ್ಬೇಡಿ! ಕಟ್ಟೆಲ್ಲ ಎಮ್ಮೆ ಕುಡೀತು. ಇದು ಶಿವನಂಜಮ್ಮನ ಮನೇದು. ನಾನು ನೋಡ್ಕೊಂಡೂ ಸುಮ್ನಿದ್ದೆ. ನಾನು ಹೋಗಲ್ಲ ಬಿಡಿ, ಯಾವ ಸಮುದ್ರನೂ ಬೇಡ!”

ಇವರು ಸೌಟು ಹಿಡಿದು ಕಂಬದ ಹಾಗೆ ನಿಂತರು. ಅತ್ತೆ ಮೂರನೇ ತುತ್ತು ಮುರಿದರು.

“ಗೊತ್ತು ಕಣೆ. ನಮ್ಮನೇಲಿ ಉರುಳಿ ಎಲ್ಲೈತೆ? ಕುದಿಯೋವಾಗ್ಲೇ ವಾಸ್ನೆ ಬಂತು.”

“ಗೊತ್ತಿದ್ದೂ ಉಣ್ತಿದ್ದೀರಾ? ನಿಮ್ಮ ಪಟ್ಟು?”

“ಇನ್ನೇನ್ಮಾಡ್ಲಿ?” ಅತ್ತೆ ತುತ್ತು ನುಂಗಿ ಮಗನನ್ನು ತೋರಿಸಿದರು. “ಇವ್ನು ಚಿಕ್ಕೋನಿದ್ದಾಗ ಒಲೆ ತಾವ್ಕೆ ಬರ್ತಿದ್ದ, ‘ನಾನೂ ತಿರುವ್ತೀನಿ ಅವ್ವ’ ಅಂತ. ಗಂಡುಮಗಂಗೆ ಇಲ್ಲೇನು ಕೆಲ್ಸ ಅಂತ ಕೋಲು ತಕ್ಕೊಂಡು ಓಡುಸ್ದೋಳು ನಾನು. ತಪ್ಪು ನಂದು ಕಣವ್ವ. ಒಟ್ಟೆನೂ ನಂದೇ ಕೆಡ್ಲಿ. ನೀನ್ಯಾಕೆ ಅದುಕ್ಕೆ ಮನೇಲಿ ಕೂರ್ಬೇಕು? ಓಗು, ಸಮುದ್ರ ನೋಡ್ಕೊಂಡು ಬಾ.”

ನನಗೆ ಅಳು ಬಂತು. ನಿಂತಲ್ಲೇ ಗಳಗಳ ಅತ್ತುಬಿಟ್ಟೆ. ಇವರು ಅವ್ವನ ತಟ್ಟೆಯ ಕಡೆ ಬಗ್ಗಿದರು.

“ಅವ್ವಾ, ಇನ್ನೊಂದು ಮುದ್ದೆ ಇಕ್ಲಾ?” ಅಂದರು.

“ಇನ್ನೂ ಮೂರ್ ದಿನ ಬದುಕ್ಬೇಕು ಕಣ್ಲಾ. ಅದ್ನ ನಿನ್ನೆಂಡ್ತಿಗಿಕ್ಕು.”

ನನಗೊಂದು ಮಣೆ ಹಾಕಿದರು, ತಟ್ಟೆ ಇಟ್ಟರು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನಾನು ಮಾಡದ ಮುದ್ದೆ ನನ್ನ ತಟ್ಟೆಗೆ ಬಿದ್ದದ್ದು ಅದೇ ಮೊದಲು. ಒಳಗೆಲ್ಲ ಗಂಟು, ಸಾರಿಗೆ ಉಪ್ಪೇ ಇಲ್ಲ. ಎರಡು ಮುದ್ದೆ ಉಂಡೆ.